ಊರ ಹೊರಗೆ ಇನ್ನೂರು ಮನೆ: ಅಹವಾಲು ಸಭೆಗೆ ಹೋಗುವ ಮುನ್ನ

ಪ್ರಶ್ನೆ: ಬೀದಿಯಲ್ಲಿ ಮಲಗುವವರಿಗಾಗಿ ನಮ್ಮ ನಗರಾಡಳಿತವು ಊರಿನಿಂದ 14 ಕಿಲೋಮೀಟರ್ ಆಚೆ, 12 ಎಕರೆಯಲ್ಲಿ 200 ಪುಟ್ಟ ಮನೆಗಳ ಬಡಾವಣೆ ಕಟ್ಟಲು ಹೊರಟಿದೆ. ನಡೆಸುವ ಹೊಣೆ ಒಂದು ಟ್ರಸ್ಟಿನದು. ಕೆಲವರು ಇದನ್ನು ಪುಣ್ಯದ ಕೆಲಸ ಎನ್ನುತ್ತಾರೆ. ಬಡವರನ್ನು ಕಣ್ಣಿಗೆ ಬೀಳದ ಕಡೆ ಸಾಗಹಾಕುವ ಉಪಾಯ ಎಂದು ಇನ್ನು ಕೆಲವರು ಹೇಳುತ್ತಾರೆ. ಪಕ್ಕದ ಹಳ್ಳಿಯವರಿಗೆ ಕಳ್ಳತನ ಹೆಚ್ಚೀತು, ಜಮೀನಿನ ಬೆಲೆ ಬಿದ್ದೀತು ಎಂಬ ಭಯ. ಅಹವಾಲು ಸಭೆ ಹತ್ತಿರ ಬಂದಿದೆ. ನಾನು ಯಾರ ಪರ ನಿಲ್ಲಲಿ, ಏನು ಕೇಳಲಿ?

ಉತ್ತರ: ಪರವೋ ವಿರೋಧವೋ ಎಂದು ತೀರ್ಮಾನಿಸುವ ಮೊದಲು ಮೂರು ಕಾಗದ ತರಿಸಿಕೊಳ್ಳಿ. ಒಂದು, ನಿವಾಸಿಯ ಕೈಗೆ ಕೊಡಲಿರುವ ಬಾಡಿಗೆ ಕರಾರಿನ ಕರಡು. ಎರಡು, ಬಸ್ಸಿನ ವೇಳಾಪಟ್ಟಿ. ಮೂರು, ಮನೆ ಕಟ್ಟಿ ಮುಗಿದ ಮೇಲಿನ ಐದು ವರ್ಷಗಳಿಗೆ ಬಡಾವಣೆ ನಡೆಸುವ ಖರ್ಚು ಮತ್ತು ಆ ಹಣ ಎಲ್ಲಿಂದ ಬರುತ್ತದೆ ಎಂಬ ಲೆಕ್ಕ. ಬಣ್ಣಬಣ್ಣದ ನಕ್ಷೆಯನ್ನು ಕೇಳದಿದ್ದರೂ ತೋರಿಸುತ್ತಾರೆ, ಈ ಮೂರನ್ನು ಮಾತ್ರ ಕೇಳಿಯೇ ಪಡೆಯಬೇಕು. ಸಭೆಗಳಲ್ಲಿ ಜಗಳವೆಲ್ಲ ಜಾಗದ ಮೇಲೆ ನಡೆಯುತ್ತದೆ. ಆದರೆ ಇಂಥ ಬಡಾವಣೆಯನ್ನು ಊರಾಗಿಸುವುದೂ ಶಿಬಿರವಾಗಿಸುವುದೂ ಹೆಚ್ಚಾಗಿ ಈ ಕಾಗದಗಳೇ.

ಮೊದಲು, ಯಾರಿಗಾಗಿ ಎಂಬುದು. ‘ಮನೆಯಿಲ್ಲದವರು’ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಪರಿಸ್ಥಿತಿಯ ಜನ ಇರುತ್ತಾರೆ. ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾದ ರಾತ್ರಿ ಆಶ್ರಯಗಳ ದಾಖಲೆ ಹಿಡಿದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ಅವರನ್ನು ಮೂರು ಗುಂಪು ಮಾಡಿತು. ಸುಮಾರು 80 ಶೇಕಡ ಜನ ಒಂದೆರಡು ಸಲ ಬಂದು, ಹೆಚ್ಚು ಕಾಲ ಉಳಿಯದೆ ಹೊರಟುಹೋಗುವವರು. ಸುಮಾರು 10 ಶೇಕಡ ಬಂದು ಹೋಗಿ ಮತ್ತೆ ಬರುವವರು. ಉಳಿದ 10 ಶೇಕಡ ವರ್ಷಗಟ್ಟಲೆ ಅಲ್ಲೇ ಇರುವವರು, ಆಶ್ರಯದ ಹಾಸಿಗೆ-ದಿನಗಳಲ್ಲಿ (ಒಂದು ಹಾಸಿಗೆ ಒಂದು ದಿನ ಬಳಕೆಯಾದರೆ ಒಂದು) ಅರ್ಧದಷ್ಟನ್ನು ಬಳಸುತ್ತಿದ್ದವರು ಈ ಕೊನೆಯ ಗುಂಪಿನವರೇ. ಕೆಲಸ ಹೋಗಿ, ಬಾಡಿಗೆ ತಪ್ಪಿ ಬೀದಿಗೆ ಬಿದ್ದವರಿಗೆ ಬೇಕಾದದ್ದು ಮುಂಗಡದ ಹಣ ಮತ್ತು ಎರಡು-ಮೂರು ತಿಂಗಳ ಬಾಡಿಗೆ. ಅಂಥವರನ್ನು 14 ಕಿಲೋಮೀಟರ್ ಆಚೆ ಕಳಿಸಿದರೆ ಉಳಿದಿದ್ದ ಕೆಲಸದ ದಾರಿಯನ್ನೂ ಕಡಿದಂತೆ. ಹತ್ತು ವರ್ಷ ಪಾದಚಾರಿ ದಾರಿಯಲ್ಲೇ ಕಳೆದು, ಕಾಯಿಲೆ, ಕುಡಿತ, ಮನೋರೋಗ ಎಲ್ಲವನ್ನೂ ಒಟ್ಟಿಗೆ ಹೊತ್ತಿರುವವರ ಪೈಕಿ ಕೆಲವರು ಮಾತ್ರ ಸದ್ದುಗದ್ದಲವಿಲ್ಲದ, ಪರಿಚಿತ ಮುಖಗಳಿರುವ ಜಾಗವನ್ನು ತಾವಾಗಿಯೇ ಆರಿಸಿಕೊಳ್ಳುತ್ತಾರೆ. ಯೋಜನೆಯ ಕಡತದಲ್ಲಿ ಅರ್ಹತೆಯ ಸಾಲು ಹುಡುಕಿ. ‘ನಗರದ ಎಲ್ಲ ನಿರಾಶ್ರಿತರು’ ಎಂದಷ್ಟೇ ಬರೆದಿದ್ದರೆ ಬರೆದವರು ಇದನ್ನು ಯೋಚಿಸಿಯೇ ಇಲ್ಲ.

ಇಂಥ ಬಡಾವಣೆಗಳಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್ ನಗರದ ಎಲ್ಲೆಗೆ ಹೊರಗಿರುವ ‘ಕಮ್ಯುನಿಟಿ ಫಸ್ಟ್! ವಿಲೇಜ್’. ನಿಮ್ಮ ಸಭೆಯಲ್ಲೂ ಯಾರಾದರೂ ಇದರ ಹೆಸರು ಎತ್ತದೆ ಇರುವುದಿಲ್ಲ. 2015ರಲ್ಲಿ ಜನ ಬಂದು ನೆಲೆಸಲು ಶುರುವಾಗಿ, ಮೊದಲ ಎರಡು ಹಂತ ಸೇರಿ 51 ಎಕರೆಯಾಯಿತು. ನಗರದೊಳಗೆ ಜಾಗ ನೋಡಿದಾಗ ಸುತ್ತಲಿನವರು ಒಪ್ಪಲಿಲ್ಲ. ಎಲ್ಲೆಯಾಚೆ ಭೂಬಳಕೆಯ ಕಟ್ಟುಪಾಡು ಸಡಿಲ, ಹಾಗಾಗಿ ಅಲ್ಲಿಗೆ ಹೋದರು. ಅಂದರೆ ‘ಪ್ರಕೃತಿಯ ಮಡಿಲು’ ಎಂದು ಆರಿಸಿಕೊಂಡ ಜಾಗವಲ್ಲ, ಕಟ್ಟಲು ಬಿಟ್ಟ ಜಾಗ. ಆದರೂ ಅದು ನಿಂತಿದೆ. ಅದು ದೀರ್ಘಕಾಲ ಬೀದಿಯಲ್ಲಿದ್ದವರಿಗಾಗಿ ಇರುವ ಬಡಾವಣೆ. ಪ್ರತಿಯೊಬ್ಬರೂ ಬಾಡಿಗೆ ಕೊಡುತ್ತಾರೆ, ದೇಶದ ಕಾನೂನಿಗೂ ಬಡಾವಣೆಯ ನಿಯಮಕ್ಕೂ ನಡೆದುಕೊಳ್ಳುತ್ತಾರೆ, ಹೊರಗೆ ಹೋಗಬೇಕೆಂಬ ಗಡುವಿಲ್ಲ. ನಗರದ ಬಸ್ ಅಲ್ಲಿಗೆ ಬರುತ್ತದೆ. ಈ ಅಂಶಗಳನ್ನು ಬಿಟ್ಟು ಪುಟ್ಟ ಮನೆಗಳ ಚಿತ್ರವನ್ನಷ್ಟೇ ನಕಲು ಮಾಡಿದರೆ ಸಿಗುವುದು ಅಂದವಾದ ಶೆಡ್ಡುಗಳು.

ಇನ್ನೊಂದು ಬಗೆಯ ಉದಾಹರಣೆ ಅಹಮದಾಬಾದಿನದು. 1987ರಲ್ಲಿ ಅಲ್ಲಿನ ಕೊಳೆಗೇರಿಗಳ ಬೀಡಿ ಕಾರ್ಮಿಕ ಮಹಿಳೆಯರಿಗೆ ಲಾಟರಿ ಎತ್ತಿ ನಗರದ ಮಧ್ಯಭಾಗದಿಂದ ಸುಮಾರು 12 ಕಿಲೋಮೀಟರ್ ದೂರದಲ್ಲಿ ಮನೆ ಕೊಟ್ಟರು. ಮನೆ ಹಿಂದಿನದಕ್ಕಿಂತ ಚೆನ್ನಾಗಿತ್ತು. ಹದಿನಾಲ್ಕು ವರ್ಷದ ನಂತರ ಸಂಶೋಧಕರು ನೋಡಿದಾಗ, ಗೆದ್ದವರಲ್ಲಿ ಸುಮಾರು ಮೂರನೇ ಒಂದು ಪಾಲು ಅಲ್ಲಿಗೆ ಹೋಗಿಯೇ ಇರಲಿಲ್ಲ, ಸುಮಾರು ಇನ್ನೊಂದು ಮೂರನೇ ಪಾಲು ಹೋಗಿ ಬಿಟ್ಟು ಬಂದಿದ್ದರು. ಲಾಟರಿ ಸಿಗದವರಿಗೆ ಹೋಲಿಸಿದರೆ ಆದಾಯದಲ್ಲಾಗಲಿ ಮಕ್ಕಳ ಬದುಕಿನಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಕಷ್ಟಕಾಲಕ್ಕೆ ಕೈಸಾಲ ಕೊಡುವ ನೆಂಟರಿಷ್ಟರು ಮಾತ್ರ ದೂರವಾಗಿದ್ದರು. ಅವರು ಬೀದಿಯಲ್ಲಿದ್ದವರಲ್ಲ, ಹಾಗಾಗಿ ಈ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಆದರೆ ಬೀದಿಯಲ್ಲಿರುವವನಿಗೂ ಒಂದು ಜಾಲ ಇರುತ್ತದೆ: ಸಾಲ ಕೊಡುವ ಅಂಗಡಿಯವನು, ಚೀಲ ನೋಡಿಕೊಳ್ಳುವ ಗೆಳೆಯ, ವಾರಕ್ಕೊಮ್ಮೆ ಕರೆಯುವ ಗುತ್ತಿಗೆದಾರ, ಹಳೆಯ ಕಡತ ಇರುವ ಆಸ್ಪತ್ರೆ. ಹೊಸ ಬಡಾವಣೆಗೆ ಬಂದ ಮೊದಲ ಮೂರು ತಿಂಗಳಲ್ಲಿ ಬೀಗ ಹಾಕಿ ಮತ್ತೆ ಹಳೆಯ ಜಾಗದಲ್ಲೇ ಮಲಗಲು ಹೋಗುವವರು ಇರುತ್ತಾರೆ. ಅದನ್ನು ಕೃತಘ್ನತೆ ಎಂದು ಬರೆದುಕೊಂಡು ಮನೆ ಕಿತ್ತುಕೊಳ್ಳುವ ಟ್ರಸ್ಟುಗಳಿಗೆ ಈ ಕೆಲಸ ಗೊತ್ತಿಲ್ಲ. ಮೂರು ತಿಂಗಳ ತನಕ ಗೈರುಹಾಜರಿಗಾಗಿ ಮನೆ ಹೋಗುವುದಿಲ್ಲ ಎಂದು ಕರಾರಿನಲ್ಲಿ ಬರೆಸಿ.

ಬಸ್ಸಿನ ಲೆಕ್ಕಕ್ಕೆ ಬನ್ನಿ, ಏಕೆಂದರೆ ‘ಬಸ್ ವ್ಯವಸ್ಥೆ ಮಾಡಲಾಗುವುದು’ ಎಂಬ ಒಂದು ಸಾಲಿನಲ್ಲಿ ಎಷ್ಟೋ ಯೋಜನೆಗಳು ಮುಳುಗಿವೆ. 14 ಕಿಲೋಮೀಟರಿಗೆ ನಿಲ್ದಾಣಗಳನ್ನೆಲ್ಲ ಸೇರಿಸಿ ಹೋಗಲು 40 ನಿಮಿಷ, ಬರಲು 40, ತುದಿಯಲ್ಲಿ ನಿಲ್ಲಲು ಒಟ್ಟು 10, ಒಂದು ಸುತ್ತಿಗೆ 90 ನಿಮಿಷ ಎನ್ನೋಣ. ಅರ್ಧ ಗಂಟೆಗೊಂದು ಬಸ್ ಬೇಕೆಂದರೆ ಆ ದಾರಿಗೇ ಮೂರು ಬಸ್, ಕೆಟ್ಟಾಗ ಬದಲಿಗೆ ಒಂದು. ದಿನಗೂಲಿಗೆ ಆಳು ಆರಿಸುವ ಜಾಗದಲ್ಲಿ ಬೆಳಿಗ್ಗೆ 6ಕ್ಕೆ ನಿಂತಿರಬೇಕಾದರೆ ಮೊದಲ ಬಸ್ 5ಕ್ಕೆ ಹೊರಡಬೇಕು. ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು ಹಿಂತಿರುಗಬೇಕಾದರೆ ಕೊನೆಯ ಬಸ್ ರಾತ್ರಿ 11ರ ನಂತರ. ಟ್ರಸ್ಟಿನ ವ್ಯಾನು ದಿನಕ್ಕೆ ಎರಡು ಸಲ ಎಂದರೆ ಅದು ಆಸ್ಪತ್ರೆಗೆ ಕರೆದೊಯ್ಯಲು ಸಾಕು, ದುಡಿಯಲು ಸಾಲದು. ಬಸ್ ಸಂಸ್ಥೆಯ ಸಹಿಯಿರುವ ಒಪ್ಪಂದ, ಕನಿಷ್ಠ ಮೂರು ವರ್ಷದ್ದು, ಮೊದಲ ಮನೆಯ ಬೀಗದ ಕೈ ಕೊಡುವ ದಿನದಿಂದಲೇ ಜಾರಿಯಾಗುವಂಥದ್ದು ಬೇಕು. ಜನ ತುಂಬಿದ ಮೇಲೆ ಬಸ್ ಬಿಡುತ್ತೇವೆ ಎಂದರೆ, ಬಸ್ ಇಲ್ಲದ ಕಡೆ ಜನ ತುಂಬುವುದೇ ಇಲ್ಲ.

ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ವಿಶ್ವಸಂಸ್ಥೆಯ ಸಮಿತಿ 1991ರಲ್ಲಿ ತಕ್ಕುದಾದ ವಸತಿಗೆ ಏಳು ಲಕ್ಷಣ ಹೇಳಿತು. ಜಾಗ ಅವುಗಳಲ್ಲಿ ಒಂದು: ಕೆಲಸ, ಆಸ್ಪತ್ರೆ, ಶಾಲೆಗಳಿಗೆ ಎಟುಕುವಂತಿರಬೇಕು. ಪಟ್ಟಿಯ ಮೊದಲನೆಯದು ಮಾತ್ರ ನೆಲೆಯ ಕಾನೂನು ಭದ್ರತೆ. ನಾನು ಕರಾರನ್ನು ಮೊದಲ ಕಾಗದವಾಗಿ ಕೇಳಿ ಎಂದದ್ದು ಇದಕ್ಕೇ. ಬಹಳ ಕಡೆ ನಿವಾಸಿಗೆ ಕೊಡುವುದು ಬಾಡಿಗೆ ಕರಾರಲ್ಲ, ‘ಕಾರ್ಯಕ್ರಮಕ್ಕೆ ಸೇರ್ಪಡೆ’ಯ ಅರ್ಜಿ. ಎರಡೂ ಒಂದೇ ರೀತಿ ಕಾಣುತ್ತವೆ, ಆದರೆ ಬಾಡಿಗೆದಾರನನ್ನು ಎಬ್ಬಿಸಲು ನೋಟಿಸ್ ಕೊಟ್ಟು ನ್ಯಾಯದ ದಾರಿ ಹಿಡಿಯಬೇಕು, ಸೇರ್ಪಡೆಯಾದವನನ್ನು ಸಂಜೆ 7 ಗಂಟೆಗೆ ಗೇಟಿನಾಚೆ ಬಿಡಬಹುದು. ಊರಿನಿಂದ 14 ಕಿಲೋಮೀಟರ್ ದೂರದ ಗೇಟಿನಾಚೆ! ಕರಡಿನಲ್ಲಿ ನೋಡಬೇಕಾದ್ದು: ಗಡುವು ಇದೆಯೇ, ಎಷ್ಟು ದಿನದ ಲಿಖಿತ ನೋಟಿಸ್, ಟ್ರಸ್ಟಿಗೆ ಸೇರದ ಒಬ್ಬರ ಮುಂದೆ ಮೇಲ್ಮನವಿ ಇದೆಯೇ, ಅತಿಥಿ ಬರಬಹುದೇ, ಸಂಗಾತಿಯೂ ನಾಯಿಯೂ ಜೊತೆಗಿರಬಹುದೇ. ಆಶ್ರಯಗಳಿಗೆ ಜನ ಹೋಗದಿರಲು ದೊಡ್ಡ ಕಾರಣಗಳೇ ಸಂಗಾತಿ, ಸಾಕುಪ್ರಾಣಿ ಮತ್ತು ಗಂಟುಮೂಟೆ, ಈ ಮೂರನ್ನೂ ಹೊರಗೆ ಬಿಟ್ಟು ಬಾ ಎನ್ನುವುದು. ಬಾಡಿಗೆಯನ್ನು ಆದಾಯದ 30 ಶೇಕಡಕ್ಕೆ ಮೀರದಂತೆ ಕಟ್ಟುವುದು ಹಲವೆಡೆ ಇರುವ ರೂಢಿ. ಆದಾಯವೇ ಇಲ್ಲದ ತಿಂಗಳು ಏನಾಗುತ್ತದೆ ಎಂಬುದಕ್ಕೂ ಒಂದು ಸಾಲು ಬೇಕು. ಇಲ್ಲದಿದ್ದರೆ ಮೊದಲ ವರ್ಷದಲ್ಲೇ ಬಾಕಿಗಾಗಿ ಎಬ್ಬಿಸುವುದು ಶುರುವಾಗುತ್ತದೆ.

ಕುಡಿತ ಬಿಟ್ಟವರಿಗೆ ಮಾತ್ರ ಮನೆ ಎಂಬ ಷರತ್ತಿನ ಬಗ್ಗೆ ಸಭೆಯಲ್ಲಿ ಗಂಟೆಗಟ್ಟಲೆ ಮಾತಾಗುತ್ತದೆ. ಇಲ್ಲಿ ನಮ್ಮ ಕೈಯಲ್ಲಿ ಸಾಕಷ್ಟು ಪುರಾವೆ ಇದೆ. ಮನೋವಿಜ್ಞಾನಿ ಸ್ಯಾಮ್ ಸೆಂಬೆರಿಸ್ 1992ರಲ್ಲಿ ನ್ಯೂಯಾರ್ಕಿನಲ್ಲಿ ಶುರು ಮಾಡಿದ ‘ಮೊದಲು ಮನೆ’ ಪದ್ಧತಿಯಲ್ಲಿ ಮನೆಗೆ ಚಿಕಿತ್ಸೆಯ ಷರತ್ತಿಲ್ಲ, ಸಹಾಯ ಬೇಕೆಂದಾಗ ಬಾಗಿಲಿಗೆ ಬರುತ್ತದೆ. ಕೆನಡಾ 2009ರಿಂದ 2013ರವರೆಗೆ ಐದು ನಗರಗಳಲ್ಲಿ, ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಇದನ್ನು ಪರೀಕ್ಷಿಸಿತು. ಮನೋರೋಗವಿದ್ದ ನಿರಾಶ್ರಿತರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಷರತ್ತಿಲ್ಲದ ಮನೆ ಮತ್ತು ಸಹಾಯ ಕೊಟ್ಟರು, ಇನ್ನೊಂದಕ್ಕೆ ಊರಿನಲ್ಲಿ ಈಗಾಗಲೇ ಇದ್ದ ಸೇವೆಗಳು. ಕೊನೆಯ ಆರು ತಿಂಗಳಲ್ಲಿ ಮೊದಲ ಗುಂಪಿನ 62 ಶೇಕಡ ಜನ ಪೂರ್ತಿ ಅವಧಿ ಮನೆಯಲ್ಲಿದ್ದರು, ಎರಡನೆಯದರಲ್ಲಿ 31 ಶೇಕಡ. ಮನೆಗಳು ಬಹುಮಟ್ಟಿಗೆ ನಗರದೊಳಗೆ ಅಲ್ಲಲ್ಲಿ ಹರಡಿದ ಸಾಮಾನ್ಯ ಬಾಡಿಗೆ ಮನೆಗಳಾಗಿದ್ದವು ಎಂಬುದನ್ನು ಗಮನಿಸಿ. ಊರಾಚೆಯ ಬಡಾವಣೆಯ ಪರವಾಗಿ ಇಷ್ಟು ಗಟ್ಟಿಯಾದ ಪರೀಕ್ಷೆ ನಡೆದಿಲ್ಲ. ಹಾಗಾಗಿ ಯಾರಾದರೂ ‘ಮೊದಲು ಮನೆ’ ಪದ್ಧತಿಯ ಅಂಕಿ ತೋರಿಸಿ 200 ಮನೆಯ ಬಡಾವಣೆಗೆ ಒಪ್ಪಿಗೆ ಕೇಳಿದರೆ, ಆ ಅಂಕಿ ಬೇರೆ ಮಾದರಿಯದು ಎಂದು ನೆನಪಿಸಿ.

ಫಿನ್‌ಲ್ಯಾಂಡಿನದೂ ಇದೇ ದಾರಿ, ಒಂದು ತಿರುವಿನೊಂದಿಗೆ. 2008ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಹಾಕಿಕೊಂಡು ಅಲ್ಲಿ ಹಾಸಿಗೆ ಲೆಕ್ಕದ ಆಶ್ರಯಗಳನ್ನೇ ಬಾಡಿಗೆ ಮನೆಗಳಾಗಿ ಮಾರ್ಪಡಿಸಿದರು. ಹೆಲ್ಸಿಂಕಿಯಲ್ಲಿ 250 ಹಾಸಿಗೆಯ ಒಂದು ಆಶ್ರಯ 81 ಸ್ವತಂತ್ರ ಮನೆಗಳಾಯಿತು. ನಗರದ ನಡುವೆಯೇ ಇದ್ದ ಕಟ್ಟಡ, ಅದೇ ಬೀದಿ. ಸುತ್ತಲಿನವರು ರೇಗದಿರಲಿ ಎಂದು ಸಿಬ್ಬಂದಿಯೂ ನಿವಾಸಿಗಳೂ ಸೇರಿ ಬೀದಿ ಗುಡಿಸುವುದು, ದೂರು ಬಂದ ದಿನವೇ ಹೋಗಿ ಮಾತಾಡುವುದು ಅಲ್ಲಿ ಸಂಬಳ ಕೊಟ್ಟು ಮಾಡಿಸುವ ಕೆಲಸ, ಸೌಜನ್ಯಕ್ಕೆ ಬಿಟ್ಟದ್ದಲ್ಲ.

ಸಿಬ್ಬಂದಿ ಎಂದಾಗ ಖರ್ಚು. ಕಟ್ಟುವ ಹಣಕ್ಕೆ ದಾನಿಗಳು ಸಿಗುತ್ತಾರೆ, ಫಲಕದ ಮೇಲೆ ಹೆಸರು ಕೆತ್ತಿಸಬಹುದು. ನಾಲ್ಕನೇ ವರ್ಷದ ರಾತ್ರಿ ಪಾಳಿಯ ಸಂಬಳಕ್ಕೆ ಫಲಕ ಇಲ್ಲ. ತೀವ್ರ ಮನೋರೋಗವಿರುವ ನಿವಾಸಿಗಳಿಗೆ ಹತ್ತು ಜನರಿಗೊಬ್ಬ ಕಾರ್ಯಕರ್ತ ಬೇಕು, ಅಷ್ಟು ತೀವ್ರವಲ್ಲದವರಿಗೆ ಇಪ್ಪತ್ತಕ್ಕೊಬ್ಬ. 200 ಜನರಲ್ಲಿ 60 ಜನ ಮೊದಲ ಬಗೆಯವರು ಎಂದಿಟ್ಟುಕೊಂಡರೆ 6 ಮತ್ತು 7, ಒಟ್ಟು 13 ಜನ, ನರ್ಸು-ವೈದ್ಯರು ಬೇರೆ. ಇನ್ನು ದಿನದ 24 ಗಂಟೆ ಒಬ್ಬರು ಇರಬೇಕು ಎಂದರೆ ಒಬ್ಬರ ಸಂಬಳ ಎಂದು ಬಜೆಟ್ ಬರೆಯುವವರಿದ್ದಾರೆ. ವಾರಕ್ಕೆ 168 ಗಂಟೆ, ಒಬ್ಬರು ದುಡಿಯುವುದು 48. ಭಾಗಿಸಿದರೆ ಮೂರೂವರೆ, ರಜೆ ಮತ್ತು ಕಾಯಿಲೆ ಸೇರಿಸಿದರೆ ನಾಲ್ಕರಿಂದ ಐದು ಜನ. ರಾತ್ರಿ ಇಬ್ಬರು ಬೇಕು, ಏಕೆಂದರೆ ಒಬ್ಬರು ಆಂಬ್ಯುಲೆನ್ಸಿನಲ್ಲಿ ಹೋದಾಗ ಇನ್ನೊಬ್ಬರು ಉಳಿಯಬೇಕು. ನಡೆಸುವ ಹಣ ಸಾಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ: ಅಮೆರಿಕದ ಸೇಂಟ್ ಲೂಯಿಸ್ ನಗರದ ಪ್ರುಯಿಟ್-ಐಗೊ ವಸತಿ ಸಮುಚ್ಚಯದ 33 ಕಟ್ಟಡಗಳು 1950ರ ದಶಕದಲ್ಲಿ ಎದ್ದವು, 1972ರಿಂದ ಅವುಗಳನ್ನು ಕೆಡವಿದರು. ವಿನ್ಯಾಸವೇ ತಪ್ಪು ಎಂದು ಪಾಠ ಹೇಳುವವರು ಬಹಳ. ಆದರೆ ನಿರ್ವಹಣೆಯ ಹಣವೆಲ್ಲ ಬಾಡಿಗೆಯಿಂದಲೇ ಬರಬೇಕಿತ್ತು, ಬಾಡಿಗೆದಾರರು ಕಡಿಮೆಯಾದಂತೆ ಲಿಫ್ಟೂ ಪೈಪೂ ರಿಪೇರಿಯಾಗಲಿಲ್ಲ, ಅದನ್ನು ನೋಡಿ ಇನ್ನಷ್ಟು ಜನ ಬಿಟ್ಟರು ಎಂಬುದನ್ನು ಹೇಳುವವರು ಕಡಿಮೆ. ನಿಮ್ಮ ಟ್ರಸ್ಟಿನ ಲೆಕ್ಕದಲ್ಲಿ ಬಾಡಿಗೆಯಿಂದ ಎಷ್ಟು ಪಾಲು ಬರುತ್ತದೆ, 20 ಮನೆ ಖಾಲಿಯಿದ್ದರೆ ಯಾರು ತುಂಬುತ್ತಾರೆ ಎಂದು ಕೇಳಿ.

ಈಗ ನೆಲದ ಸಂಗತಿ. 12 ಎಕರೆ ಎಂದರೆ ಸುಮಾರು 48,500 ಚದರ ಮೀಟರ್. 200 ಮನೆಗೆ 240 ಜನ ಎಂದರೆ ತಲೆಗೆ 200 ಚದರ ಮೀಟರ್. ವಿಪತ್ತಿನ ಶಿಬಿರಗಳಿಗೆ ಬಳಸುವ ‘ಸ್ಫಿಯರ್’ ಮಾನದಂಡ ತಲೆಗೆ 45 ಕೇಳುತ್ತದೆ, ಹಾಗಾಗಿ ಜಾಗ ಧಾರಾಳ. ತೊಂದರೆ ಬರುವುದು ಕೊಳಚೆ ನೀರಿನಲ್ಲಿ. ಊರಾಚೆ ಒಳಚರಂಡಿ ಇರುವುದಿಲ್ಲ. ತಲೆಗೆ ದಿನಕ್ಕೆ 120 ಲೀಟರ್ ಎಂದರೆ 28,800 ಲೀಟರ್ ನೀರು, ಅದರ 80 ಶೇಕಡ, ಅಂದರೆ ಸುಮಾರು 23,000 ಲೀಟರ್, ಕೊಳಚೆಯಾಗಿ ಹೊರಬರುತ್ತದೆ. ಸೆಪ್ಟಿಕ್ ಟ್ಯಾಂಕಿನಿಂದ ಬಂದ ನೀರನ್ನು ಮರಳು ನೆಲ ಚದರ ಮೀಟರಿಗೆ ದಿನಕ್ಕೆ 50 ಲೀಟರಿನಷ್ಟು ಹೀರುತ್ತದೆ, ಜೇಡಿ ನೆಲ 10 ಲೀಟರ್ ಹೀರಿದರೆ ಹೆಚ್ಚು. ಮೊದಲನೆಯದಕ್ಕೆ 460 ಚದರ ಮೀಟರ್ ಇಂಗುಕಾಲುವೆ ಸಾಕು, ಎರಡನೆಯದಕ್ಕೆ 2,300 ಬೇಕು, ಮಳೆಗಾಲದಲ್ಲಿ ಅದೂ ಉಕ್ಕುತ್ತದೆ. ಅಂತರ್ಜಲ ಮೇಲಿದ್ದರೆ ಪಕ್ಕದ ಹಳ್ಳಿಯ ಬಾವಿಗೆ ಸೇರುತ್ತದೆ. ಹಳ್ಳಿಯವರ ದೂರುಗಳಲ್ಲಿ ಅತ್ಯಂತ ನ್ಯಾಯವಾದದ್ದು ಇದೇ, ಆದರೆ ಕಳ್ಳತನದ ಮಾತಿನ ಗದ್ದಲದಲ್ಲಿ ಅವರೇ ಇದನ್ನು ಮರೆಯುತ್ತಾರೆ. ಮಣ್ಣು ಇಂಗುವ ಪರೀಕ್ಷೆಯ ವರದಿ ಕೇಳಿ, ಅದು ಮಳೆಗಾಲದಲ್ಲಿ ಮಾಡಿದ್ದೇ ಎಂದೂ ಕೇಳಿ.

ಪೈಪಿನ ಖರ್ಚು ಉಳಿಸಲು ಕೆಲವು ವಿನ್ಯಾಸಗಳಲ್ಲಿ ಮನೆಯೊಳಗೆ ಶೌಚಾಲಯ ಇಡದೆ ಸಾಮೂಹಿಕ ಸ್ನಾನಗೃಹ ಕಟ್ಟುತ್ತಾರೆ. ಅಡುಗೆಮನೆ ಸಾಮೂಹಿಕವಾದರೆ ಆಗಬಹುದು, ಜನ ಸೇರಲು ಅದು ಒಳ್ಳೆಯ ನೆಪವೂ ಹೌದು. ಶೌಚಾಲಯ ಹಾಗಲ್ಲ. ಬೀದಿಯಲ್ಲಿ ವರ್ಷಗಟ್ಟಲೆ ಇದ್ದವರ ದೇಹ ವಯಸ್ಸಿಗಿಂತ ಮುಂಚೆ ಸವೆದಿರುತ್ತದೆ, ರಾತ್ರಿ ಮೂರು ಸಲ ಎದ್ದು 80 ಮೀಟರ್ ಕತ್ತಲಲ್ಲಿ ನಡೆಯುವುದು ಅವರಿಗೆ ಬೀಳುವ ದಾರಿ, ಹೆಂಗಸರಿಗೆ ಅದಕ್ಕಿಂತ ದೊಡ್ಡ ಭಯ. ಸ್ಫಿಯರ್ ಹೇಳುವ 20 ಜನರಿಗೊಂದು ಶೌಚಾಲಯ ತುರ್ತು ಶಿಬಿರಕ್ಕೆ, ಕಾಯಂ ಮನೆಗಲ್ಲ. ಒಳಗೇ ಕಟ್ಟಲು ಹಣವಿಲ್ಲದಿದ್ದರೆ ಮನೆಗಳ ಸಂಖ್ಯೆ ಇಳಿಸಲಿ.

ಬೆಂಕಿಯ ವಿಷಯ ಚಿಕ್ಕದು, ಆದರೆ ಬಿಡಬೇಡಿ. ಮರದ ಮನೆಗಳ ನಡುವೆ ಕನಿಷ್ಠ 3 ಮೀಟರ್ ಅಂತರ, ಅಗ್ನಿಶಾಮಕ ವಾಹನಕ್ಕೆ 6 ಮೀಟರ್ ಅಗಲದ ದಾರಿ, ಯಾವ ಮನೆಯೂ ಆ ದಾರಿಯಿಂದ 45 ಮೀಟರಿಗಿಂತ ದೂರವಿರಬಾರದು, ಹೊರಹೋಗಲು ಎರಡನೆಯ ಗೇಟು. ಬಂದೋಬಸ್ತಿನ ಹೆಸರಿನಲ್ಲಿ ಒಂದೇ ಗೇಟು ಇಟ್ಟು ಎರಡನೆಯದಕ್ಕೆ ಬೀಗ ಹಾಕುವುದು ಸಾಮಾನ್ಯ ತಪ್ಪು.

ಹಳ್ಳಿಯವರ ಭಯಕ್ಕೆ ಉತ್ತರ ಹೇಳುವಾಗ ‘ಏನೂ ಆಗುವುದಿಲ್ಲ’ ಎಂದು ಮಾತು ಕೊಡಬೇಡಿ, ಮೊದಲ ಜಗಳದ ದಿನವೇ ನಿಮ್ಮ ಮಾತಿನ ಬೆಲೆ ಹೋಗುತ್ತದೆ. ಜಮೀನಿನ ಬೆಲೆಯ ಬಗ್ಗೆ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಫರ್ಮನ್ ಸೆಂಟರ್ 2008ರಲ್ಲಿ ಆ ನಗರದ ಬೆಂಬಲಸಹಿತ ವಸತಿ (ಮನೆಯ ಜೊತೆಗೆ ನಿವಾಸಿಗಳಿಗೆ ಸಹಾಯವೂ ಸಿಗುವ) ಕಟ್ಟಡಗಳ ಸುತ್ತ ನೋಡಿತ್ತು: 500 ಅಡಿಯೊಳಗಿನ ಮನೆಗಳ ಬೆಲೆ ಬಿದ್ದಿರಲಿಲ್ಲ. ಅದು ದಟ್ಟ ನಗರದ ಚೆನ್ನಾಗಿ ನಡೆಸಿದ ಕಟ್ಟಡಗಳ ಮಾತು, 200 ಮನೆಯ ಒಂಟಿ ಬಡಾವಣೆಗೆ ಅದನ್ನು ಹಾಗೇ ಅಂಟಿಸಲಾಗದು. ಹಳ್ಳಿಯವರಿಗೆ ಹೆಚ್ಚು ಉಪಯೋಗವಾಗುವುದು 24 ಗಂಟೆ ಎತ್ತುವ ಒಂದು ಫೋನ್ ಸಂಖ್ಯೆ, ದೂರಿಗೆ 48 ಗಂಟೆಯೊಳಗೆ ಉತ್ತರ, ಎರಡು ತಿಂಗಳಿಗೊಮ್ಮೆ ನಿವಾಸಿಗಳೂ ಕೂರುವ ಜಂಟಿ ಸಭೆ, ಮತ್ತು ಅದೇ ಬಸ್ ಹಳ್ಳಿಯಲ್ಲೂ ನಿಲ್ಲುವುದು. ಇನ್ನು ಅಪರಾಧ: ಹೊರಗಿನವರು ಅಂದುಕೊಳ್ಳುವುದಕ್ಕೆ ತಿರುಗುಮುರುಗಾಗಿ ನಿವಾಸಿಗಳೇ ಬಲಿಯಾಗುವುದು ಹೆಚ್ಚು. ಬಲವಿಲ್ಲದ ಒಬ್ಬರ ಮನೆಗೆ ಹೊರಗಿನವರು ‘ಗೆಳೆಯ’ರಾಗಿ ಬಂದು, ಉಳಿದು, ಕೊನೆಗೆ ಮಾದಕವಸ್ತು ಮಾರಲು ಮನೆಯನ್ನೇ ಹಿಡಿದುಕೊಳ್ಳುತ್ತಾರೆ. ಅತಿಥಿಗಳನ್ನೆಲ್ಲ ನಿಷೇಧಿಸಿದರೆ ಇದು ನಿಲ್ಲುವುದಿಲ್ಲ, ಬೇಲಿ ಹಾರಿ ಬರುತ್ತಾರೆ. ನಿವಾಸಿ ಗುಟ್ಟಾಗಿ ‘ಇವರನ್ನು ಕಳಿಸಿ’ ಎಂದರೆ ಸಿಬ್ಬಂದಿ ತಮ್ಮ ಹೆಸರಿನಲ್ಲೇ ಕಳಿಸುವ ಏರ್ಪಾಡು, ಬೀಗ ಅದೇ ದಿನ ಬದಲಿಸುವ ಏರ್ಪಾಡು ಇರಬೇಕು.

ನನ್ನ ನಿಲುವು ಕೇಳಿದ್ದೀರಿ. ಒಂದೇ ಸಲಕ್ಕೆ 200 ಮನೆಗೆ ನಾನು ಒಪ್ಪುವುದಿಲ್ಲ. 30-40 ಮನೆಯ ಮೊದಲ ಹಂತ, ತಿಂಗಳಿಗೆ ಎಂಟು-ಹತ್ತು ಮನೆ ಮಾತ್ರ ತುಂಬುವುದು, ಒಂದು ವರ್ಷದ ನಂತರ ಲೆಕ್ಕ ನೋಡಿ ಮುಂದಿನ ಹಂತ ಎಂದಾದರೆ, ಅದೇ ಹೊತ್ತಿಗೆ ನಗರದೊಳಗೂ ಅಷ್ಟೇ ಕೋಣೆಗಳು ಬಾಡಿಗೆಗೆ ಸಿಗುವಂತಿದ್ದರೆ ಒಪ್ಪುತ್ತೇನೆ. ಎರಡರಲ್ಲಿ ಒಂದನ್ನು ಆರಿಸುವ ಅವಕಾಶ ಇದ್ದಾಗ ಮಾತ್ರ ಊರಾಚೆಗೆ ಬಂದವರು ಬಂದವರು, ಇಲ್ಲದಿದ್ದರೆ ಕಳಿಸಿದವರು. ಬಡಾವಣೆ ತೆರೆದ ದಿನದಿಂದ ನಗರದ ಪಾದಚಾರಿ ದಾರಿ ತೆರವು ಶುರು ಎಂಬ ಸಾಲು ಆದೇಶದಲ್ಲಿದ್ದರೆ ನೇರವಾಗಿ ವಿರೋಧಿಸಿ. ಅಮೆರಿಕದಲ್ಲಿ ಆಶ್ರಯ ಖಾಲಿ ಇಲ್ಲದಿದ್ದರೂ ಬೀದಿಯಲ್ಲಿ ಮಲಗಿದವರನ್ನು ದಂಡಿಸಬಹುದೆಂದು ಅಲ್ಲಿನ ಸುಪ್ರೀಂ ಕೋರ್ಟ್ 2024ರಲ್ಲಿ ಗ್ರ್ಯಾಂಟ್ಸ್ ಪಾಸ್ ನಗರದ ಪ್ರಕರಣದಲ್ಲಿ ಹೇಳಿದ ಮೇಲೆ, ‘ಅಲ್ಲಿ ಮನೆ ಇದೆಯಲ್ಲ, ಹೋಗು’ ಎಂಬ ಮಾತಿಗೆ ಇನ್ನಷ್ಟು ಬಲ ಬಂದಿದೆ. 200 ಮನೆ ಕಟ್ಟಿ 2,000 ಜನರನ್ನು ಓಡಿಸುವ ಸಮರ್ಥನೆಗೆ ಬಡಾವಣೆ ಬಳಕೆಯಾಗಬಾರದು.

ವರ್ಷದ ಕೊನೆಗೆ ಏನು ಎಣಿಸುತ್ತೀರಿ ಎಂದು ಈಗಲೇ ಬರೆಸಿಕೊಳ್ಳಿ. ‘ಎಲ್ಲ ಮನೆ ಭರ್ತಿ’ ಎಂಬುದು ಯಶಸ್ಸಿನ ಗುರುತಲ್ಲ, ಹೋಗಲು ಬೇರೆ ಜಾಗವಿಲ್ಲದಿದ್ದರೂ ಮನೆ ಭರ್ತಿಯೇ. ಮೊದಲ ದಿನ ಬಂದವರಲ್ಲಿ ಎಷ್ಟು ಜನ ಇಲ್ಲಿ ಅಥವಾ ಬೇರೆ ಯಾವುದಾದರೂ ಮನೆಯಲ್ಲಿದ್ದಾರೆ, ಎಷ್ಟು ಜನ ಬೀದಿಗೆ ಹಿಂತಿರುಗಿದರು, ಎಷ್ಟು ಜನರನ್ನು ಯಾವ ಕಾರಣಕ್ಕೆ ಎಬ್ಬಿಸಿದರು, ಎಷ್ಟು ಜನ ತೀರಿಕೊಂಡರು. ಈ ನಾಲ್ಕು ಅಂಕಿ ಸಾಕು.

ಸಭೆಯಲ್ಲಿ ನಿಮಗೆ ಸಿಗುವುದು ಮೂರು ನಿಮಿಷ. ಒಂದು ನಿಮಿಷ ಕರಾರಿಗೆ, ಒಂದು ಬಸ್ಸಿಗೆ, ಒಂದು ಐದು ವರ್ಷದ ಖರ್ಚಿಗೆ. ಉತ್ತರ ನಡಾವಳಿಯಲ್ಲಿ ದಾಖಲಾಗಲಿ ಎಂದು ಬಾಯಿಬಿಟ್ಟು ಕೇಳಿ, ಪ್ರಶ್ನೆಗಳ ಲಿಖಿತ ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅದಕ್ಕೂ ಮೊದಲು, ಸಾಧ್ಯವಾದರೆ ಈ ವಾರವೇ, ಸಭೆಯ ಸಮಯ ಬದಲಿಸಲು ಅರ್ಜಿ ಕೊಡಿ. ಬೆಳಿಗ್ಗೆ 11 ಗಂಟೆಗೆ ಇಟ್ಟರೆ ಕೂಲಿಗೆ ಹೋದವರಾರೂ ಬರಲಾರರು. ಸಂಜೆ 7ಕ್ಕೆ, ರಾತ್ರಿ ಆಶ್ರಯದ ಹತ್ತಿರದ ಯಾವುದಾದರೂ ಕಟ್ಟಡದಲ್ಲಿ ಇಡಲಿ. ನೋಟಿಸನ್ನು ಆಶ್ರಯದ ಬಾಗಿಲಿಗೂ ಅನ್ನ ಹಂಚುವ ಜಾಗಗಳಲ್ಲೂ ಅಂಟಿಸಲಿ, ಓದಲು ಬಾರದವರಿಗೆ ಯಾರಾದರೂ ಹೋಗಿ ಹೇಳಲಿ, ಬಂದವರ ಗಂಟುಮೂಟೆ ಇಡಲು ಕಾವಲಿರುವ ಒಂದು ಕೋಣೆ ಬಿಡಿಸಲಿ.